ಸೌಟು ಹಾಕಬೇಡಿ

ರೀ, ಈ ಮನೆಯ ಭವಿಷ್ಯವೆಲ್ಲ ಒಂದು ಸೌಟಿನ ಮೇಲೆ ನಿಂತಿದೆ: ಮೀನು ಬಿದ್ದ ಪಾತ್ರೆಗೆ ಅದನ್ನು ಹಾಕಬೇಡಿ.

ನಿನ್ನೆ ಆಸ್ಪತ್ರೆಯಲ್ಲಿ ಅತ್ತೆ ನಾನು ಕೊಟ್ಟ ತುತ್ತು ಉಗುಳಿ, "ಮೀನಿನ ಸಾರು ನನ್ನ ಮಗನೇ ಮಾಡ್ಲಿ" ಅಂದರು. "ನಿಮ್ಮ ಮಗನಿಗೆ ನೀರು ಕಾಯಿಸೋಕೂ ಬರಲ್ಲ" ಅಂದೆ. "ನಿನಗೆ ಬಂದ ಹಾಗೇ ಬರತ್ತೆ ಬಿಡು" ಅಂದರು. ಹಾಸಿಗೆ ಹಿಡಿದಿರುವುದು ಮೈ ಮಾತ್ರ, ನಾಲಿಗೆಯಲ್ಲ.

ನಾನು ಒಲೆ ಮೇಲಿಟ್ಟು ಬಂದ ಟೊಮೆಟೊ ನೀರು ಕುದಿಯಲಿ. ಫ್ರಿಜ್ಜಿನಲ್ಲಿರುವ ಮೀನಿನ ತುಂಡುಗಳನ್ನು ಮೆಲ್ಲಗೆ ಬಿಡಿ, ಬಟ್ಟೆಯಿಂದ ಪಾತ್ರೆ ಹಿಡಿದು ಅಲ್ಲಾಡಿಸಿ, ಅಷ್ಟೇ; ಸೌಟು ತಗುಲಿದರೆ ತುಂಡು ಒಡೆಯುತ್ತದೆ. ಖಾರ ಬೇಡ. ಮುಳ್ಳನ್ನು ಬೆರಳಿನಿಂದ ಹುಡುಕಿ, ನಿಮ್ಮ ಕಣ್ಣನ್ನು ನಂಬಬೇಡಿ. ಹೋಟೆಲಿನದು ತಂದು ನಾಟಕ ಆಡಬೇಡಿ, ವಾಸನೆಯಲ್ಲೇ ಹಿಡೀತಾರೆ. ಕೆಟ್ಟರೂ ಪರವಾಗಿಲ್ಲ, ದಮ್ಮಯ್ಯ, ಆಸ್ಪತ್ರೆಗೆ ತನ್ನಿ.

ಇವತ್ತೂ ಅವರ ಗಂಟಲಲ್ಲಿ ಏನೂ ಇಳಿಯದಿದ್ದರೆ ಸಂಜೆ ಮೂಗಿಗೆ ಪೈಪ್ ಹಾಕುತ್ತಾರೆ. ಒಪ್ಪಿಗೆ ಪತ್ರಕ್ಕೆ ನಾನು ಸಹಿ ಮಾಡಿಯಾಗಿದೆ.