ಕರಿಗರಗಸನ ನಗು

ಮಾರ್ಚ್ ೯, ಭಾನುವಾರ

ಪ್ರೀತಿಯ ಚಿಕ್ಕೂ,

ನಾವಿಲ್ಲಿ ಕ್ಷೇಮ. ನಿನ್ನ ಕನ್ನಡಕದ ಅಂಗಡಿ ಚೆನ್ನಾಗಿ ನಡೆಯುತ್ತಿದೆ ಎಂದು ನಿನ್ನ ಅತ್ತಿಗೆಗೆ ಯಾರೋ ಹೇಳಿದರಂತೆ, ಸಂತೋಷ. ನಿನ್ನ ಪತ್ರ ಬಂದು ಬಹಳ ಕಾಲವಾಯಿತು. ಇವತ್ತು ಬರೆಯೋಣ, ನಾಳೆ ಬರೆಯೋಣ ಎಂದು ಎಳೆದದ್ದು ನಾನೇ. ಬೇಸರ ಮಾಡಿಕೊಳ್ಳಬೇಡ.

ಮೊದಲು ಸ್ಟುಡಿಯೋದ ಸುದ್ದಿ ಹೇಳಿಬಿಡುತ್ತೇನೆ. ನಮ್ಮ ಟೀವಿ ಕಾರ್ಟೂನಿನಲ್ಲಿ ಇಷ್ಟು ವರ್ಷ ನಾನು ಧ್ವನಿ ಕೊಟ್ಟ ಉಕ್ಕಣ್ಣ ಸತ್ತ. ಹೌದು, ಮೂರು ತಲೆಮಾರಿನ ಮಕ್ಕಳು ಕ್ರೇನ್‌ನಿಂದ ಮನುಷ್ಯನನ್ನಾಗಿ, ಮನುಷ್ಯನಿಂದ ಕ್ರೇನನ್ನಾಗಿ ತಿರುಚಿ ತಿರುಚಿ ಕೈಕಾಲು ಸಡಿಲ ಮಾಡಿದ ಆ ಉಕ್ಕಣ್ಣನೇ. ಆಟಿಕೆ ಕಂಪನಿಯವರು ಕಥೆಯನ್ನು ಒಂದೇ ನೆಗೆತಕ್ಕೆ ಐನೂರು ವರ್ಷ ಮುಂದಕ್ಕೆ ಒಯ್ದಿದ್ದಾರೆ. ಅದಕ್ಕೆ ‘ಭವಿಷ್ಯಯುಗ’ ಎಂದು ಹೆಸರು. ಹಳೆಯ ರೋಬಾಟುಗಳು ಯಾರೂ ಉಳಿದಿಲ್ಲ, ಅವುಗಳ ಮಕ್ಕಳು ಮರಿಮಕ್ಕಳ ಕಾಲ ಅದು. ಹೊಸ ಬೊಂಬೆಗಳಿಗೆ ಚಕ್ರವೇ ಇಲ್ಲ. ಏಕೆ ಎಂದು ಅಚ್ಚು ಮಾಡುವವನನ್ನು ಕೇಳಿದೆ. “ಐನೂರು ವರ್ಷ ಆದ್ಮೇಲೆ ರಸ್ತೇನೇ ಇರಲ್ವಂತೆ ಸಾರ್. ನಮಗೂ ಚಕ್ರದ ಖರ್ಚು ಉಳೀತು,” ಎಂದ.

ನೀನು ಧ್ವನಿ ಕೊಡುತ್ತಿದ್ದ ಖಳ, ಕರಿಗರಗಸನೂ ಇಲ್ಲ. ನೀನು ಬಿಟ್ಟ ಮೇಲೆ ಆ ಪಾತ್ರಕ್ಕೆ ನಾಲ್ಕಾರು ಜನ ಬಂದು ಹೋದರು. ಒಬ್ಬನ ನಗು ಕೆಮ್ಮಿದ ಹಾಗಿತ್ತು, ಇನ್ನೊಬ್ಬನದು ಬಕೆಟ್ ಉರುಳಿದ ಹಾಗೆ. ನೆಲ ಅಗೆಯುವ ಯಂತ್ರ ಮೈ ಬಿಚ್ಚಿ ಎದ್ದುನಿಂತು ನಗುವಾಗ, ಅಷ್ಟು ಆಳದಿಂದ ಬರಬೇಕಾದ ಸದ್ದು ಯಾರಿಗೂ ಬರಲಿಲ್ಲ. ಕೊನೆಗೆ ಅವನನ್ನು ಒಂದು ಗುಡ್ಡದ ಕೆಳಗೆ ಹೂತು ಕೈತೊಳೆದುಕೊಂಡರು.

ಭವಿಷ್ಯಯುಗದಲ್ಲಿ ನನಗಿರುವ ಕೆಲಸ ಸಣ್ಣದು. ಉಕ್ಕಣ್ಣ ಸಾಯುವ ಮುಂಚೆ ತನ್ನ ಮಾತನ್ನು ಒಂದು ಗೋಡೆಯೊಳಗೆ ಇಟ್ಟು ಹೋಗಿದ್ದಾನೆ. ಮರಿಮಕ್ಕಳಿಗೆ ದಾರಿ ತಪ್ಪಿದಾಗೆಲ್ಲ ಗೋಡೆ ಬುದ್ಧಿ ಹೇಳುತ್ತದೆ. “ಎದ್ದು ಓಡಾಡೋ ಪಾತ್ರ ಅಲ್ಲ ಸಾರ್, ಕೂತ್ಕೊಂಡೇ ಹೇಳಬಹುದು,” ಎಂದು ನಿರ್ದೇಶಕಿ ಕುರ್ಚಿ ಹಾಕಿಸಿದರು. ಆಯಿತು ಎಂದು ಕುಳಿತೆ.

ಇನ್ನು ನಿನಗೆ ಹೇಳಲೇಬೇಕಾದ ವಿಷಯ. ಹೊಸ ಕಥೆಯಲ್ಲಿ ಕರಿಗರಗಸನಿಗೊಬ್ಬಳು ಮಗಳು. ಅವಳ ಧ್ವನಿಗಾಗಿ ವಾರವೆಲ್ಲ ಪರೀಕ್ಷೆ ನಡೆಯಿತು. ಬಂದವರೆಲ್ಲ ಚೆನ್ನಾಗಿ ಓದುತ್ತಿದ್ದರು, ನಗು ಬಂದ ಕೂಡಲೇ ಮುಗ್ಗರಿಸುತ್ತಿದ್ದರು. ನಾನು ಗಾಜಿನ ಈಚೆ ಕುಳಿತು ಆಕಳಿಸುತ್ತಿದ್ದೆ. ಕೊನೆಯ ದಿನ ಒಳಗೆ ಬಂದವಳು ನಿನ್ನ ಮಗಳು, ನಮ್ಮ ಗುಬ್ಬಿ.

ಅವಳು ನನಗೂ ಹೇಳಿರಲಿಲ್ಲ. ನನ್ನನ್ನು ನೋಡಿ, ಗುರುತೇ ಇಲ್ಲದವಳ ಹಾಗೆ ತಲೆಬಾಗಿ ಮೈಕಿನ ಮುಂದೆ ನಿಂತಳು. ಲಿಫ್ಟುಗಳಲ್ಲಿ “ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ಸರಿದು ನಿಲ್ಲಿ” ಎಂದು ಹೇಳಿ ಹೊಟ್ಟೆ ಹೊರೆಯುವ ಹುಡುಗಿ, ಇವಳೇನು ನಗುತ್ತಾಳೆ ಎಂದುಕೊಂಡೆ. ನಕ್ಕಳು.

ಚಿಕ್ಕೂ, ಅದು ನಿನ್ನ ನಗು. ಮೊದಲು ಮೂಗಿನಲ್ಲಿ ಸಣ್ಣಗೆ ಶುರುವಾಗಿ, ಎದೆಗಿಳಿದು, ಅಲ್ಲಿಂದ ಹೊಟ್ಟೆಗೆ ಉರುಳಿ, ತಟ್ಟನೆ ನಿಂತುಬಿಡುವ ನಗು. ಧ್ವನಿಮುದ್ರಣದವನ ಕೈಯಲ್ಲಿದ್ದ ಚಹಾ ಚೆಲ್ಲಿತು. ನಿರ್ದೇಶಕಿ, “ಯಾರಮ್ಮಾ ನಿಂಗೆ ಇದನ್ನ ಕಲಿಸಿದ್ದು?” ಎಂದರು.

“ಯಾರೂ ಕಲಿಸಿಲ್ಲ ಮೇಡಂ. ಚಿಕ್ಕವಳಿದ್ದಾಗ ಟೀವಿಲಿ ಇದು ಬಂದ್ರೆ ಮಂಚದ ಕೆಳಗೆ ಹೋಗಿ ಬಚ್ಚಿಟ್ಕೋತಿದ್ದೆ. ಕಿವಿ ಮುಚ್ಚಿಕೊಂಡ್ರೂ ಕೇಳ್ಸೋದು. ಹಾಗೇ ಬಾಯಿಪಾಠ ಆಗೋಯ್ತು.”

ಆ ದಿನಗಳು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀನು ಕೆಲಸ ಮುಗಿಸಿ ಮನೆಗೆ ಹೋದರೆ ಮಗು ಕಿಟಾರನೆ ಕಿರುಚಿ ತಾಯಿಯ ಹಿಂದೆ ಅಡಗುತ್ತಿತ್ತು. ನೀನು ಮಿಠಾಯಿ ತಂದೆ, ಕೋಡಂಗಿಯ ಹಾಗೆ ಕುಣಿದೆ, ಏನು ಮಾಡಿದರೂ ಹತ್ತಿರ ಬರಲಿಲ್ಲ. ಒಂದು ಬೆಳಿಗ್ಗೆ ಸ್ಟುಡಿಯೋಕ್ಕೆ ಬಂದು, “ಅಣ್ಣಾ, ಊರಿನ ಮಕ್ಕಳು ಹೆದರಲಿ, ಪರವಾಗಿಲ್ಲ. ನನ್ನ ಮಗು ಹೆದರಬಾರದು,” ಎಂದು ಹೇಳಿ ಹೊರಟವನು ಮತ್ತೆ ಮೈಕಿನ ಮುಂದೆ ನಿಲ್ಲಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಗುಬ್ಬಿಯನ್ನು ಎದುರಿನ ಕಾಫಿ ಅಂಗಡಿಗೆ ಕರೆದುಕೊಂಡು ಹೋದೆ. ಲೋಟವನ್ನು ತಿರುಗಿಸುತ್ತ ಕುಳಿತಿದ್ದಳು.

“ದೊಡ್ಡಪ್ಪಾ, ಅಪ್ಪ ಈ ನಗು ಬಿಟ್ಟಿದ್ದೇ ನನಗೋಸ್ಕರ. ಈಗ ನಾನೇ ಹೋಗಿ ಎತ್ಕೊಂಡ್ರೆ ಏನಂದ್ಕೋತಾರೋ? ನೀವೇ ಒಂದ್ಮಾತು ಬರೀರಿ. ಅವರು ಬೇಡ ಅಂದ್ರೆ ನಾನು ಸಹಿ ಹಾಕಲ್ಲ.”

“ನಿಂಗೆ ಇಷ್ಟ ಇದೆಯಾ?”

“ಇವತ್ತು ಅದು ನನ್ನ ಬಾಯಿಂದ ಬಂದಾಗ ಒಂಚೂರೂ ಹೆದರಿಕೆ ಆಗ್ಲಿಲ್ಲ ದೊಡ್ಡಪ್ಪಾ. ಅಪ್ಪ ಪಕ್ಕದಲ್ಲೇ ನಿಂತ ಹಾಗಿತ್ತು.”

ಬರೆಯುತ್ತೇನೆ ಎಂದೆ. ಬರೆಯಲಿಲ್ಲ. ಕಂಪನಿಯವರು ಅವಸರ ಮಾಡಿದರು. ಮನೆಗೆ ಹಿರಿಯ ನಾನು, ನಿನ್ನ ಪರವಾಗಿ ಹೂಂ ಅಂದುಬಿಟ್ಟೆ. “ಅಪ್ಪ ಒಪ್ಪಿದ್ರಾ?” ಎಂದು ಗುಬ್ಬಿ ಎರಡು ಸಲ ಕೇಳಿದಳು. “ಅವನನ್ನ ಒಪ್ಪಿಸೋ ಜವಾಬ್ದಾರಿ ನಂದು, ನೀನು ಸಹಿ ಹಾಕು,” ಎಂದೆ. ಹಾಕಿದಳು. ಬೈಯುವುದಿದ್ದರೆ ನನ್ನನ್ನು ಬೈ, ಅವಳಿಗೆ ಒಂದು ಮಾತೂ ಅನ್ನಬೇಡ.

ಮೊನ್ನೆ ನಮ್ಮಿಬ್ಬರದೂ ಧ್ವನಿಮುದ್ರಣ ಮುಗಿಯಿತು. ಕರಿಗರಗಸನ ಮಗಳು ಗೋಡೆಯನ್ನು ಒಡೆಯಲು ಬರುತ್ತಾಳೆ. ಒಳಗಿನ ಧ್ವನಿ ಅವಳನ್ನು ತಡೆಯುವುದಿಲ್ಲ, “ನಿಮ್ಮಪ್ಪ ಶೂರ ಕಣಮ್ಮಾ, ನಾನು ಅವನಿಗೆ ಹೆದರಿದ್ದೆ” ಎನ್ನುತ್ತದೆ. ಅವಳು ಕೈ ಇಳಿಸುತ್ತಾಳೆ. ಕಾಗದದಲ್ಲಿ ಓದುವಾಗ ಸಾಧಾರಣ ಮಾತು. ಹೇಳಲು ಹೋದರೆ ನನಗೆ ಮೂರು ಸಲ ತಪ್ಪಿತು. ಮುಗಿದ ಮೇಲೆ ಗುಬ್ಬಿ ಹೆಡ್‌ಫೋನ್ ತೆಗೆದಿಟ್ಟು, “ದೊಡ್ಡಪ್ಪಾ, ಅಪ್ಪನಿಗೆ ಇದನ್ನ ಕೇಳಿಸ್ಬೇಕು,” ಎಂದಳು. ಹಾಗೆಂದು ನನ್ನ ಕೋಟಿನ ತೋಳು ಹಿಡಿದು ಸ್ವಲ್ಪ ಹೊತ್ತು ನಿಂತಿದ್ದಳು. ಕೆಲಸದಲ್ಲಿ ಅವಳು ನಿನ್ನ ಹಾಗೆಯೇ ಹಟಮಾರಿ. ಚಹಾ ಕುಡಿಯುವುದರಲ್ಲಿ ಮಾತ್ರ ತಾಯಿಯ ಹಾಗೆ, ತಣ್ಣಗಾಗಿಸಿ ಮರೆತುಬಿಡುತ್ತಾಳೆ.

ನಿನ್ನ ಅತ್ತಿಗೆ ನೆನಪು ತಿಳಿಸಿದ್ದಾಳೆ. ನಿನ್ನ ಹೆಂಡತಿಗೂ ನಿನಗೂ ನೂರು ಕಾಲ ಆರೋಗ್ಯವಿರಲಿ, ಅಂಗಡಿ ತುಂಬಿರಲಿ, ಮಗಳ ಹೆಸರು ದೊಡ್ಡದಾಗಲಿ ಎಂದು ಹಾರೈಸುವ,

ನಿನ್ನ ಅಣ್ಣ

ತಾ.ಕ.: ಇದೇ ೨೦ರ ಗುರುವಾರ ನನ್ನ ಗಂಟಲಿನ ಆಪರೇಷನ್ನು. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದಾರೆ. ಜೀವಕ್ಕೇನೂ ಭಯವಿಲ್ಲ, ಮಾತು ಮಾತ್ರ ಇರುವುದಿಲ್ಲ. ಗುಬ್ಬಿಗೆ ಇನ್ನೂ ಹೇಳಿಲ್ಲ. ಬುಧವಾರದೊಳಗೆ ಸಾಧ್ಯವಾದರೆ ಬಂದುಹೋಗು. ನಾವಿಬ್ಬರೂ ಒಂದೇ ಕೋಣೆಯಲ್ಲಿ ನಿಂತು ಅಷ್ಟು ವರ್ಷ ಜಗಳವಾಡಿದ್ದೆಲ್ಲ ಯಾರೋ ಬರೆದುಕೊಟ್ಟ ಮಾತು. ಅಮ್ಮ ಹೋದ ದಿನವೂ ಪಕ್ಕಪಕ್ಕದಲ್ಲಿ ಕುಳಿತು ಬಾಯಿ ಬಿಡದೆ ಎದ್ದು ಬಂದೆವು. ಬಂದರೆ ಮಾತು ನೀನೇ ತೆಗೆ. ನಮ್ಮದೇ ಮಾತನ್ನು ಎಲ್ಲಿಂದ ಶುರು ಮಾಡಬೇಕೋ ನನಗೆ ಗೊತ್ತಾಗುತ್ತಿಲ್ಲ.