ಅರಿಶಿನವೆಂದು ಬರೆದದ್ದು

ವೈಶಾಖ ಮೂವತ್ತೆಂಟು, ಇಸವಿ ೨೨೧೪
ಕತ್ತಲ ಹಗೇವು, ಗಜೇಂದ್ರಗಡ

ಇಲಿಯ ಮೈಗೆ ಹೊಳೆಯುವ ಬಣ್ಣ ಬಿಟ್ಟು ಕ್ಯಾನ್ಸರ್ ಗಡ್ಡೆ ನೋಡುತ್ತಿರುವವರಿಗೆ,

ತಾರೀಖು ತಪ್ಪು ಬರೆದಿದ್ದಾಳೆ ಅಂದುಕೊಳ್ಳಬೇಡಿ. ನಮ್ಮಲ್ಲಿ ತಿಂಗಳಿಗೆ ನಲವತ್ತು ದಿನ, ವರ್ಷಕ್ಕೆ ಒಂಬತ್ತು ತಿಂಗಳು. ಉಳಿಯುವ ಐದು ದಿನಗಳನ್ನು ಯಾರೂ ಎಣಿಸುವುದಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಿ. ನಾನು ಏಳನೆಯ ತರಗತಿಯವರೆಗೆ ಓದಿದವಳು. ಹೊಸ ಮಾತು ಬಂದಲ್ಲಿ ಅಲ್ಲೇ ಬಿಡಿಸಿ ಹೇಳುತ್ತೇನೆ. ಈ ಕಾಗದವನ್ನು ಹಿಂದಂಚೆಗೆ ಹಾಕುತ್ತೇನೆ. ಹಿಂದಂಚೆ ಎಂದರೆ ನಮಗಿಂತ ಮೊದಲು ಬದುಕಿದವರಿಗೆ ಬರೆದ ಕಾಗದ ಹಾಕುವ ಡಬ್ಬಿ. ಒಬ್ಬರಿಗೆ ಜನ್ಮದಲ್ಲಿ ಒಂದೇ ಕಾಗದ. ಅದು ತಲುಪುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನನ್ನ ಗಂಡ ತೀರಿಕೊಂಡಾಗ ಬರೆಯೋಣ ಅನ್ನಿಸಿತ್ತು, ಬರೆಯಲಿಲ್ಲ. ಈಗ ನನ್ನ ತಂಗಿ ಸುಗಲಾಳ ಸಲುವಾಗಿ ಬರೆಯುತ್ತಿದ್ದೇನೆ.

ನನ್ನ ಹೆಸರು ಇಂದ್ರವ್ವ. ಕತ್ತಲ ಹಗೇವಿನಲ್ಲಿ, ಜನರ ಮೈಯಲ್ಲಿ ಗಡ್ಡೆ ಹುಡುಕುವ ನೋಟಗಾರ್ತಿಯಾಗಿ ಒಂಬತ್ತು ವರ್ಷವಾಯಿತು. ಹಗೇವು ಎಂದರೆ ಹಿಂದೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ, ನಿಮಗೂ ಗೊತ್ತಿರಬಹುದು. ಮೇಲೆ ಬಿಸಿಲು ತಾಳಲಾಗದ ಹಾಗಾದ ಮೇಲೆ ನಮ್ಮೂರವರು ಹಳೆಯ ಹಗೇವುಗಳನ್ನು ಅಗಲ ಮಾಡಿ, ಮೆಟ್ಟಿಲು ಕಟ್ಟಿ, ಕೆಲವು ಕೆಲಸಗಳನ್ನು ಕೆಳಗೇ ಇಟ್ಟುಕೊಂಡರು. ಗಡ್ಡೆ ನೋಡುವ ಕೆಲಸಕ್ಕೆ ಕತ್ತಲೆ ಬೇಕು, ತಂಪು ಬೇಕು. ಎರಡೂ ಅಲ್ಲಿವೆ. ಮೂವತ್ತು ದಾಟಿದ ಎಲ್ಲರೂ ವರ್ಷಕ್ಕೊಮ್ಮೆ ಇಳಿದು ಬರಬೇಕು. ಹಿಂದಿನ ದಿನ ತೋಳಿನ ನರಕ್ಕೆ ಬೆಳಗುಮದ್ದು ಕೊಡುತ್ತೇವೆ. ಅದು ನಿಮ್ಮ ಬಣ್ಣದ ಮರಿಮಗಳು. ಮೈಯೆಲ್ಲ ತಿರುಗಿ, ಬೇಡವಾದದ್ದು ಮೂತ್ರದಲ್ಲಿ ಹೋಗಿ, ಗಡ್ಡೆ ಇದ್ದರೆ ಅಲ್ಲಿ ಮಾತ್ರ ಅಂಟಿಕೊಂಡು ಉಳಿಯುತ್ತದೆ. ಮರುದಿನ ನಾವು ಹಳದಿ ಕನ್ನಡಕ ಹಾಕಿಕೊಂಡು ನೀಲಿ ದೀಪ ಹಿಡಿಯುತ್ತೇವೆ. ಕನ್ನಡಕ ದೀಪದ ನೀಲಿಯನ್ನು ತಡೆಯುತ್ತದೆ, ಮದ್ದಿನ ಹಸಿರು ಹೊಳಪನ್ನಷ್ಟೇ ಬಿಡುತ್ತದೆ. ಚರ್ಮಕ್ಕೆ ಹತ್ತಿರವಿರುವ ಗಡ್ಡೆಗಳಷ್ಟೇ ಹೀಗೆ ಕಾಣುವುದು. ಆಳದಲ್ಲಿರುವವಕ್ಕೆ ಬೇರೆ ಮದ್ದು ಬೇಕು, ಕಣ್ಣಿಗೆ ಕಾಣದ ಬೆಳಕನ್ನು ಹಿಡಿಯುವ ಕ್ಯಾಮೆರಾ ಬೇಕು. ಅದು ನಮ್ಮಲ್ಲಿಲ್ಲ.

ಇಳಿಯುವ ಮೆಟ್ಟಿಲ ಬಳಿ ನಿಮ್ಮ ಕಾಲದ ಒಂದು ಚಿತ್ರ ತೂಗುಹಾಕಿದ್ದಾರೆ. ಕೂದಲು ಬೋಳಿಸಿದ ಒಂದು ಇಲಿ ಮಗ್ಗುಲಾಗಿ ಮಲಗಿದೆ, ಅದರ ಪಕ್ಕೆಯಲ್ಲಿ ಹಸಿರು ಚುಕ್ಕೆ. ಅದನ್ನು ಯಾರು ತಂದರೋ ತಿಳಿಯದು. ಜನ ಇಳಿಯುವ ಮುಂಚೆ ಅದಕ್ಕೊಂದು ಹೂ ಇಡುತ್ತಾರೆ. ಇಲಿ ನೋಡಿ ನಕ್ಕವರು ಮೆಟ್ಟಿಲು ಹತ್ತುವಾಗ ಅಳುತ್ತಾರೆ ಎಂಬ ನಂಬಿಕೆಯಿದೆ. ಸುಗಲಾ ಪ್ರತಿ ಸಲವೂ ನಗುತ್ತಿದ್ದಳು.

ಹೊಳೆಯುವುದೆಲ್ಲ ಗಡ್ಡೆಯಲ್ಲ. ಸೊಪ್ಪು ತಿಂದವರ ಹೊಟ್ಟೆಯೂ ಹೊಳೆಯುತ್ತದೆ, ಆದ್ದರಿಂದ ಮೂರು ದಿನ ಸೊಪ್ಪು ಬಿಡಬೇಕು. ಸಾಬೂನಿನ ಕೆಲವು ಬಗೆ ಹೊಳೆಯುತ್ತವೆ. ಎಲ್ಲಕ್ಕಿಂತ ಹೆಚ್ಚು ಹೊಳೆಯುವುದು ಅರಿಶಿನ. ಇಂಥದ್ದನ್ನು ನಾವು ಹುಸಿಬೆಳಕು ಅನ್ನುತ್ತೇವೆ. ಹುಸಿಬೆಳಕು ಕಂಡರೆ ಒದ್ದೆ ಬಟ್ಟೆ, ಸೀಗೆಪುಡಿಯಿಂದ ತೊಳೆದು ಮತ್ತೆ ನೋಡಬೇಕು ಎಂದು ನಮ್ಮ ಕೆಲಸದ ಪುಸ್ತಕದಲ್ಲಿದೆ. ಆದರೆ ನಮ್ಮ ಮನೆಗಳಲ್ಲಿ ಗಂಡನಿರುವ ಹೆಂಗಸನ್ನು ಬರಿಗೊರಳಲ್ಲಿ ಕಳಿಸುವುದಿಲ್ಲ. ಎಷ್ಟು ಹೇಳಿದರೂ ಅತ್ತೆಯಂದಿರು ಆ ದಿನ ಕೊರಳಿಗೆ, ಕೆನ್ನೆಗೆ ಅರಿಶಿನ ಬಳಿದೇ ಕಳಿಸುತ್ತಾರೆ. ಅದನ್ನು ಅಳಿಸಲು ನಮಗೂ ಕೈ ಬರುವುದಿಲ್ಲ. ಹಾಗಾಗಿ ಹಗೇವಿನಲ್ಲಿ ಒಂದು ರೂಢಿ ಬೆಳೆಯಿತು. ಮುತ್ತೈದೆಯ ಕೊರಳು ಹೊಳೆದರೆ, ಹಾಳೆಯ ಮೇಲಿನ ಮೈಯ ಚಿತ್ರದಲ್ಲಿ ಅಲ್ಲಿ ಗುರುತು ಹಾಕಿ ಪಕ್ಕದಲ್ಲಿ ಅರಿಶಿನ ಎಂದು ಬರೆದು ಮುಂದಕ್ಕೆ ಹೋಗುವುದು. ನನಗೆ ಕೆಲಸ ಕಲಿಸಿದ ಬಷೀರಣ್ಣ ಇದರ ಮೇಲೆ ಬಹಳ ವರ್ಷ ಜಗಳವಾಡಿದರು. ಆಮೇಲೆ ದಣಿದು ಬಿಟ್ಟರು.

ಹೋದ ವರ್ಷದ ಹಿಂದಿನ ವರ್ಷ ಸುಗಲಾ ನನ್ನ ಸರದಿಗೇ ಬಂದಳು. ನನ್ನ ಗಂಡ ಹೋಗಿ ಆಗ ಎರಡು ವರ್ಷವಾಗಿತ್ತು. ಅವಳು ಹಲಗೆಯ ಮೇಲೆ ಮಲಗಿ, “ಏನರ ಕಂಡ್ರ ಬಾಯಿಲೆ ಹೇಳಬ್ಯಾಡ ಅಕ್ಕಾ, ನಿನ್ನ ಮಾರಿ ನೋಡಿದ್ರ ನನಗ ತಿಳೀತದ. ಸಣ್ಣಾಕಿ ಇದ್ದಾಗಿಂದ ನಿನಗ ಸುಳ್ಳು ಹೇಳಾಕ ಬರೂದಿಲ್ಲ,” ಅಂದಳು. ನಾನು ದೀಪ ಹಿಡಿದೆ. ಕೊರಳ ಸುತ್ತ ಪಟ್ಟಿ ಕಟ್ಟಿದ ಹಾಗೆ ಅರಿಶಿನ ಹೊಳೆಯಿತು. ಎಡಗಡೆ, ಕೊರಳೆಲುಬಿನ ಸ್ವಲ್ಪ ಮೇಲೆ, ಆ ಹೊಳಪಿನ ಒಳಗೇ ತೊಗರಿಕಾಳಿನಷ್ಟು ಜಾಗ ಸುತ್ತಲಿಗಿಂತ ಹೆಚ್ಚು ಹಸಿರಾಗಿತ್ತು. ಅರಿಶಿನ ಮೇಲೆ ಹರಡಿಕೊಂಡು ಹೊಳೆಯುತ್ತದೆ, ಇದು ಒಳಗಿನಿಂದ ಬರುತ್ತಿತ್ತು. ನಾನು ನೋಡಿದೆ. ನೋಡಲಿಲ್ಲ ಎಂದು ಇಲ್ಲಿ ಬರೆಯಲಾರೆ.

ಒದ್ದೆ ಬಟ್ಟೆ ಕೈಯಲ್ಲಿತ್ತು. ಅದಕ್ಕೆ ಎರಡು ವರ್ಷ ಮೊದಲು, ನನ್ನ ಗಂಡ ಹೋದಾಗ, ಇಂಥದೇ ಒದ್ದೆ ಬಟ್ಟೆಯಿಂದ ನಾಲ್ಕು ಜನ ಹೆಂಗಸರು ನನ್ನ ಕೊರಳು ಒರೆಸಿದ್ದರು. ಆಗ ಸುಗಲಾ ಬಾಗಿಲ ಬಳಿ ನಿಂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅದೇ ಬಟ್ಟೆಯನ್ನು ನಾನು ಅವಳ ತಾಳಿಯ ಕೆಳಗೆ ಹೇಗೆ ಹಾಯಿಸಲಿ? ಬಟ್ಟೆಯನ್ನು ಬೋಗುಣಿಗೆ ವಾಪಸ್ ಹಾಕಿದೆ. ಕಂಡದ್ದು ಗಟ್ಟಿಯಾಗಿ ಕೂತ ಅರಿಶಿನ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಕನ್ನಡಕ ತೆಗೆಯದೆಯೇ ಹಾಳೆಯಲ್ಲಿ ಬರೆದೆ. ಕನ್ನಡಕ ಇದ್ದದ್ದಕ್ಕೆ ನನ್ನ ಮುಖ ಅವಳಿಗೆ ಪೂರ್ತಿ ಕಾಣಲಿಲ್ಲ. ಅವಳು ಮೆಟ್ಟಿಲು ಹತ್ತುತ್ತಾ ಇಲಿಗೆ ಕೈಮುಗಿದು, ತನ್ನ ಅತ್ತೆಯ ಸಿಂಗಾರದ ಬಗ್ಗೆ ಏನೋ ಹೇಳಿ ನಕ್ಕು ಹೋದಳು.

ಮುಂದಿನ ವರ್ಷ ಅವಳ ಕೊರಳಲ್ಲಿ ಅರಿಶಿನವಿರಲಿಲ್ಲ, ಮೈ ಕಾದು ಚರ್ಮ ಉರಿಯುತ್ತಿತ್ತೆಂದು ಹಚ್ಚಿರಲಿಲ್ಲ. ಆದರೂ ಕೊರಳು ಹೊಳೆಯಿತು. ಕಂಕುಳಲ್ಲಿ, ಎದೆಯ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಹೊಳೆಯಿತು. ಅವಳು ಎದ್ದು ಕೂತು ಕುಪ್ಪಸದ ಗುಂಡಿ ಹಾಕಿಕೊಳ್ಳುತ್ತಾ ಮೆಲ್ಲಗೆ ಕೇಳಿದಳು.

“ಹ್ವಾದ ವರ್ಷ ಇದು ಇರಲಿಲ್ಲಲ್ಲ ಅಕ್ಕಾ?”

“ಇರಲಿಲ್ಲವ್ವಾ,” ಅಂದೆ.

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮತ್ತೆ ಯಾವತ್ತೂ ಆ ಮಾತು ತೆಗೆಯಲಿಲ್ಲ.

ಆ ವಾರ ಬಷೀರಣ್ಣ ಅವಳ ಹಳೆಯ ಹಾಳೆ ತೆಗೆಸಿದರು. ಅಲ್ಲಿ ನನ್ನದೇ ಕೈಯಿಂದ, ಕೊರಳೆಲುಬಿನ ಮೇಲೆ, ಸರಿಯಾಗಿ ಅದೇ ಜಾಗದಲ್ಲಿ ಚುಕ್ಕೆ ಇಟ್ಟಿದ್ದೆ. ಪಕ್ಕದಲ್ಲಿ ಅರಿಶಿನ ಎಂದು ದುಂಡಗೆ ಬರೆದಿದ್ದೆ. ಅವರು ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. “ಈ ದೀಪಕ್ಕ ಅರಿಶಿನನೂ ಗೊತ್ತಿಲ್ಲ, ಗಡ್ಡಿನೂ ಗೊತ್ತಿಲ್ಲ ತಂಗಿ. ಗೊತ್ತಿರಬೇಕಾದಾಕಿ ನೀನು,” ಅಂದು ಹಾಳೆಯನ್ನು ನನ್ನ ಕೈಗೇ ಕೊಟ್ಟರು. ಅದು ಈಗಲೂ ನನ್ನ ಪೆಟ್ಟಿಗೆಯಲ್ಲಿದೆ.

ಸುಗಲಾ ಈ ಚೈತ್ರದಲ್ಲಿ ಹೋದಳು. ಮೊದಲ ವರ್ಷವೇ ಕೊಯ್ದು ತೆಗೆದಿದ್ದರೆ ಉಳಿಯುತ್ತಿದ್ದಳೇನೋ ಎಂದು ಬಷೀರಣ್ಣನನ್ನು ಕೇಳಿದೆ. ಅವರು ತಮ್ಮ ಹಳದಿ ಕನ್ನಡಕ ಒರೆಸಿ ಗೂಟಕ್ಕೆ ತೂಗುಹಾಕಿದರು. ಮಣ್ಣಿಗೆ ಒಯ್ಯುವ ಮುಂಚೆ ಅವಳ ಅತ್ತೆ ಒಂದು ಬಟ್ಟಲು ಅರಿಶಿನ ಕಲಸಿ ತಂದು ಅವಳ ಕೊರಳಿಗೂ ಕೆನ್ನೆಗೂ ತುಂಬ ಹಚ್ಚಿದರು. ಮುತ್ತೈದೆಯಾಗಿ ಹೋದಳಲ್ಲ ಎಂದು ಎಲ್ಲರೂ ನನಗೆ ಸಮಾಧಾನ ಹೇಳಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ.

ಈಗ ಎಲ್ಲರ ಕೊರಳನ್ನೂ ತೊಳೆಯುತ್ತೇನೆ. ಮೊದಲು ತೊಳೆಯುವುದು, ಆಮೇಲೆ ದೀಪ. ಮೊನ್ನೆ ಒಬ್ಬ ಅತ್ತೆ ಮೆಟ್ಟಿಲ ಮೇಲೆ ನಿಂತು ನನಗೆ ಕೇಳುವ ಹಾಗೆಯೇ, “ತನ್ನ ಅರಿಶಿನ ಹೋತಂತ ಮಂದೀದೂ ಅಳಸ್ತಾಳ ನೋಡು,” ಅಂದಳು. ನಾನು ಸೊಸೆಯ ಕೊರಳು ಒರೆಸುತ್ತಲೇ ಇದ್ದೆ. ಆ ಹುಡುಗಿ ಕಣ್ಣು ಮುಚ್ಚಿಕೊಂಡಿದ್ದಳು. ಅವಳ ಕೊರಳಲ್ಲಿ ಏನೂ ಇರಲಿಲ್ಲ. ಸಂಜೆ ಬಟ್ಟೆ ಹಿಂಡಿದರೆ ನೀರು ಹಳದಿಯಾಗಿರುತ್ತದೆ. ಎಷ್ಟು ಉಜ್ಜಿದರೂ ನನ್ನ ಉಗುರಿನ ಸಂದಿಯ ಬಣ್ಣ ಹೋಗುವುದಿಲ್ಲ. ದೀಪ ಹಿಡಿದಾಗ ನನ್ನ ಕೈಬೆರಳುಗಳೇ ಮೊದಲು ಹೊಳೆಯುತ್ತವೆ.

ನಿಮ್ಮಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಬಣ್ಣ ಮುಂದೆ ಮನುಷ್ಯರ ಮೈಗೆ ಬರುತ್ತದೆ. ಆಗ ಪುಸ್ತಕ ಬರೆಯುವಿರಿ. ಇಲಿಗೆ ಯಾವ ಕಾಳು ಹಾಕಬೇಕು, ಯಾವ ಸೊಪ್ಪು ಬಿಡಿಸಬೇಕು ಎಂದು ಬರೆದ ಹಾಗೆ ನಮ್ಮ ಬಗ್ಗೆಯೂ ಒಂದು ಸಾಲು ಬರೆಯಿರಿ. ಒಡಹುಟ್ಟಿದವರ ಮೈಯನ್ನು ಒಡಹುಟ್ಟಿದವರು ನೋಡಬಾರದೆಂದು ಬರೆಯಿರಿ. ತೊಳೆಯಲು ಕೈ ಬಾರದವರ ಕೈಗೆ ದೀಪ ಕೊಡಬಾರದೆಂದು ಬರೆಯಿರಿ. ದಪ್ಪ ಅಕ್ಷರದಲ್ಲಿ ಬರೆಯಿರಿ. ಇನ್ನೂರು ವರ್ಷ ಕಳೆದರೂ ಅಳಿಯಬಾರದು.

ದಣಿವಾಗಿದೆ, ಇಲ್ಲಿಗೆ ನಿಲ್ಲಿಸುತ್ತೇನೆ. ಇವತ್ತು ಬೆಳಗ್ಗೆ ಇಳಿಯುವಾಗ ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದೆ. ನಿಮ್ಮ ಇಲಿಯ ಗಡ್ಡೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ. ಪಾಪ, ಅದಕ್ಕೆ ಅರಿಶಿನ ಹಚ್ಚಿ ಕಳಿಸುವವರು ಯಾರೂ ಇರಲಿಲ್ಲ.

ಇಂದ್ರವ್ವ