ಬನಹಟ್ಟಿಯ ದನಿಗೆ ಹತ್ತಕ್ಕೆ ಹತ್ತು

ಗಲಗಲಿಯ ನಮ್ಮ ಮನೆಯ ಸರ್ವಾಧಿಕಾರಿ ಅಕ್ಕನವರ ಸನ್ನಿಧಿಗೆ, ಜಮಖಂಡಿ ಹಾಸ್ಟೆಲಿನಿಂದ ಏಕೈಕ ತಮ್ಮನ ಅಡ್ಡಬಿದ್ದ ನಮಸ್ಕಾರ.

ಈ ಕಾಲೇಜಿನಲ್ಲಿ ಮಾತಾಡುವುದಕ್ಕೂ ಒಂದು ಪಿರಿಯಡ್ ಇದೆ. ಎದ್ದು ನಿಂತು ಎರಡು ನಿಮಿಷ ಮನೆಯ ಕಸುಬಿನ ಬಗ್ಗೆ ಹೇಳಿದರೆ ಸರ್ ಹತ್ತಕ್ಕೆ ಅಂಕ ಹಾಕುತ್ತಾರೆ. ನನ್ನ ರೂಮಿನ ಯಲ್ಲಾಲಿಂಗ ಬನಹಟ್ಟಿಯ ನೇಕಾರರ ಮಗ. ಮಗ್ಗದ ಸದ್ದಿನ ನಡುವೆ ಬೆಳೆದವನಾದ್ದರಿಂದ ಅವನ ಪಿಸುಮಾತೇ ನಮ್ಮ ಕೂಗು. ಮೊದಲ ದಿನ ಎಲ್ಲರೂ ನಕ್ಕರೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದ.

"ಅಂಕ ಹೋದ್ರ ಹೋಗ್ಲಿ, ನಾ ಏಳಂಗಿಲ್ಲ" ಅಂದ.

ನಾನು ಗಂಭೀರನಾಗಿ, "ಸರ್‌ಗ ಕಿವಿ ಮಂದ ಅದಾವ ಲೇ. ಮೆಲ್ಲಕ ಮಾತಾಡಿದವ್ರಿಗೆ ಸೊನ್ನಿ ಹಾಕ್ತಾರ" ಎಂದೆ.

ಇವತ್ತು ಎದ್ದ. ನೂಲು ಸುತ್ತುವುದರಿಂದ ಸೀರೆ ಮಡಚುವವರೆಗೆ ತಡವರಿಸದೆ ಹೇಳಿದ. ಪಕ್ಕದ ಕ್ಲಾಸಿನವರೂ ಕಿಟಕಿಗೆ ಬಂದು ಚಪ್ಪಾಳೆ ತಟ್ಟಿದರು. ಕೊನೆಗೆ ನನ್ನತ್ತ ಕೈತೋರಿಸಿ, "ನಿಮ್ಮ ಕಿವಿ ಮಂದ ಅಂತ ಇಂವ ಹೇಳ್ಯಾನ್ರಿ ಸರ. ನಂದು ಕೇಳಿಸ್ತೇನ್ರಿ?" ಎಂದು ವಿನಯದಿಂದ ವಿಚಾರಿಸಿದ.

"ಮುಧೋಳ ತನಕ ಕೇಳಿಸ್ತಪ್ಪ" ಎಂದು ಸರ್ ಹತ್ತಕ್ಕೆ ಹತ್ತು ಹಾಕಿದರು.

ನನ್ನ ತಬ್ಯೇತು ಛಲೋ ಇದೆ. ಶೇಂಗಾ ಚಟ್ನಿ ಮುಗಿದಿದೆ, ಬಸ್ ಕಂಡಕ್ಟರ್ ಕೈಯಲ್ಲಿ ಕಳುಹಿಸು. ನಾಳೆ ನನ್ನ ಸರದಿ. ಸರ್ ಕಿವಿಗೆ ಹತ್ತಿ ಇಟ್ಟುಕೊಂಡು ಕೊನೆಯ ಬೆಂಚಿನಲ್ಲಿ ಕೂರುತ್ತಾರಂತೆ. ಕಾರ್ಡು ಮುಗಿಸುತ್ತೇನೆ, ಯಲ್ಲಾಲಿಂಗ ನನಗೆ ಕೂಗಲು ಕಲಿಸುತ್ತಾನಂತೆ, ಕರೆಯುತ್ತಿದ್ದಾನೆ.

ಬಸವಕುಮಾರ